ಮಾಸ್ಕ್ ತಪ್ಪಿದರೆ ಫಾರ್ಮ್ಯಾಟ್ ಮಾಡಿ ಏನು ಪ್ರಯೋಜನ?

"ನನ್ನ ಕಂಪ್ಯೂಟರಿಗೆ ಒಂಬತ್ತರಾಗ ಮುಗಿಯೋ ನಂಬರ್ ಹಾಕ್ರಿ, ನಮಗ ಅದು ಆಗಿ ಬರ್ತದ" ಎಂದರು ಗಂಗಾವತಿಯ ಒಬ್ಬ ಅಕ್ಕಿ ಗಿರಣಿ ಸಾವುಕಾರರು. ನಂಬರ್ ಅಂದರೆ ಐಪಿ ವಿಳಾಸ, ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರದ ಗುರುತು. 10.1.1.9 ಆಗಲೇ ಪ್ರಿಂಟರಿನ ಹೆಸರಲ್ಲಿತ್ತು. ಆದರೂ ಹಟ. ಹಾಕಿದ್ದಾಯಿತು. ವಿಂಡೋಸ್ ಒಂದು ವಿಳಾಸವನ್ನು ತನ್ನದಾಗಿಸಿಕೊಳ್ಳುವ ಮೊದಲು "ಇದು ಯಾರ ಹತ್ತಿರವಾದರೂ ಇದೆಯಾ?" ಎಂದು ಇಡೀ ನೆಟ್‌ವರ್ಕಿಗೆ ಕೇಳಿಸುವಂತೆ ಕೂಗುತ್ತದೆ. ಪ್ರಿಂಟರ್ "ನನ್ನದು" ಎಂದಿತು. ವಿಂಡೋಸ್ ಸುಮ್ನೆ ಹಿಂದೆ ಸರಿದು, 169.254ರಿಂದ ಶುರುವಾಗುವ ಒಂದು ವಿಳಾಸವನ್ನು ತಾನೇ ಕೊಟ್ಟುಕೊಂಡಿತು. ಇಂಟರ್ನೆಟ್ ಹೋಯಿತು. ತಕ್ಷಣ ಪಕ್ಕದಲ್ಲಿದ್ದವರ ತೀರ್ಪು: ವೈರಸ್ ಬಂದಿದೆ, ಫಾರ್ಮ್ಯಾಟ್ ಮಾಡಿಸಿ!

ಅಂದಹಾಗೆ, ಕಂಪ್ಯೂಟರಿನ ಒಳಗೆ ಎಲ್ಲ ಸಂಖ್ಯೆಗಳೂ ಬರೀ ಒಂದು, ಸೊನ್ನೆಗಳಲ್ಲಿ. ಆ ಅದೃಷ್ಟದ ಒಂಬತ್ತು ಇರುವುದು 00001001 ಎಂದು. ಸಂಖ್ಯಾಶಾಸ್ತ್ರದವರು ಇದನ್ನು ಹೇಗೆ ಕೂಡುತ್ತಾರೋ ನೋಡಬೇಕು.

ವಿಂಡೋಸ್, ಉಬುಂಟು, ಮ್ಯಾಕ್ ಯಾವುದೇ ಇರಲಿ, ಕೈಯಾರೆ ವಿಳಾಸ ಹಾಕುವಾಗ ತುಂಬಬೇಕಾದ್ದು ನಾಲ್ಕೇ: ಐಪಿ ವಿಳಾಸ, ಮಾಸ್ಕ್, ಗೇಟ್‌ವೇ, ಮತ್ತು ವೆಬ್‌ಸೈಟಿನ ಹೆಸರಿಗೆ ವಿಳಾಸ ಹುಡುಕಿಕೊಡುವ ಡಿಎನ್‌ಎಸ್. ನಮ್ಮ ಸಾವುಕಾರರಂಥವರನ್ನು ಬಿಟ್ಟರೆ ಮೂರನ್ನು ಎಲ್ಲರೂ ಎಚ್ಚರದಿಂದ ಬರೆಯುತ್ತಾರೆ. ಮಾಸ್ಕನ್ನು ಮಾತ್ರ ಯಾರೂ ಓದುವುದೇ ಇಲ್ಲ. ನನಗಂತೂ ನಾಲ್ಕರಲ್ಲಿ ಅದೇ ಅತಿ ಸುಂದರ.

ಮಾಸ್ಕ್ ಉತ್ತರಿಸುವುದು ಒಂದೇ ಪ್ರಶ್ನೆಗೆ: ಆ ಕಂಪ್ಯೂಟರ್ ನಮ್ಮ ಓಣಿಯದೋ, ಹೊರಗಿನದೋ? ಎಪಿಎಂಸಿ ಯಾರ್ಡಿನಲ್ಲಿ ಎದುರಿನ ಅಂಗಡಿಗೆ ಮೂಟೆ ಹೋಗಬೇಕಾದರೆ ಹಮಾಲರೇ ಹೊತ್ತು ಹಾಕುತ್ತಾರೆ. ಹೈದರಾಬಾದಿಗಾದರೆ ಟ್ರಾನ್ಸ್‌ಪೋರ್ಟ್ ಆಫೀಸಿಗೆ ಒಪ್ಪಿಸಬೇಕು. ಗೇಟ್‌ವೇ ಅಂದರೆ ಆ ಟ್ರಾನ್ಸ್‌ಪೋರ್ಟ್ ಆಫೀಸು. ಯಾವ ಮೂಟೆ ಯಾರ ಹೆಗಲಿಗೆ ಎಂದು ತೀರ್ಮಾನಿಸುವುದು ಮಾಸ್ಕ್.

ಲೆಕ್ಕ ಹೀಗೆ. 255 ಅಂದರೆ ಎಂಟು ಒಂದುಗಳು, 0 ಅಂದರೆ ಎಂಟು ಸೊನ್ನೆಗಳು. ಒಂದು ಇರುವ ಕಡೆ ವಿಳಾಸದ ಅಂಕಿ ಉಳಿಯುತ್ತದೆ, ಸೊನ್ನೆ ಇರುವ ಕಡೆ ಅಳಿಯುತ್ತದೆ. ಗಿರಣಿಯ ಆಫೀಸಿನ ಕಂಪ್ಯೂಟರ್ 10.1.1.15 ಎಂದುಕೊಳ್ಳಿ. ಗೋಡೌನಿನ ವೇಬ್ರಿಡ್ಜ್ ಕಂಪ್ಯೂಟರ್ 10.1.2.20, ನಡುವೆ ರೌಟರ್. ಮಾಸ್ಕ್ 255.255.255.0 ಆದರೆ ಉಳಿಯುವುದು 10.1.1 ಮತ್ತು 10.1.2. ಬೇರೆ ಬೇರೆ, ಹಾಗಾಗಿ ಗೇಟ್‌ವೇಗೆ ಕಳಿಸು. ಅದೇ ಮಾಸ್ಕ್ 255.0.0.0 ಆದರೆ ಎರಡರಲ್ಲೂ ಉಳಿಯುವುದು ಬರೀ 10. "ಓಹೋ, ನಮ್ಮ ಓಣಿಯವನೇ" ಎಂದುಕೊಂಡು ಆಫೀಸಿನ ಕಂಪ್ಯೂಟರ್ ನೇರವಾಗಿ ಕೂಗುತ್ತದೆ. ಕೂಗು ರೌಟರ್ ದಾಟುವುದಿಲ್ಲ, ಉತ್ತರ ಬರುವುದಿಲ್ಲ. ವಿಚಿತ್ರ ಅಂದರೆ ಇಂಟರ್ನೆಟ್ ಚೆನ್ನಾಗಿಯೇ ಓಡುತ್ತಿರುತ್ತದೆ, ವೇಬ್ರಿಡ್ಜ್ ಮಾತ್ರ ಸಿಗುವುದಿಲ್ಲ. ಎಲ್ಲರೂ ವೇಬ್ರಿಡ್ಜ್ ಕಂಪ್ಯೂಟರನ್ನೇ ಬಿಚ್ಚುತ್ತಾರೆ!

ಇಷ್ಟು ದೊಡ್ಡ ತಪ್ಪು ಮಾಸ್ಕನ್ನು ಬರೆಯುವವರು ಯಾರು? ಎಷ್ಟೋ ಸಲ ವಿಂಡೋಸೇ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಎನ್‌ಸಿಪಿಎ.ಸಿಪಿಎಲ್ (ncpa.cpl) ಎಂದು ಕೊಟ್ಟರೆ ನೆಟ್‌ವರ್ಕ್ ಸೆಟ್ಟಿಂಗಿನ ಹಳೆಯ ಕಿಟಕಿ ತೆರೆಯುತ್ತದೆ. ಅದರ ಐಪಿವಿ4 ಪೆಟ್ಟಿಗೆಯಲ್ಲಿ 10.1.1.15 ಬರೆದು ಟ್ಯಾಬ್ ಒತ್ತಿ. ತಾನಾಗಿಯೇ 255.0.0.0 ತುಂಬಿಕೊಳ್ಳುತ್ತದೆ. ಕಾರಣ 1981ರಲ್ಲಿದೆ. ಆ ವರ್ಷ ಜಾನ್ ಪೋಸ್ಟೆಲ್ ಸಂಪಾದಿಸಿದ ಐಪಿ ದಾಖಲೆ ವಿಳಾಸಗಳನ್ನು ಎ, ಬಿ, ಸಿ ಎಂದು ವರ್ಗ ಮಾಡಿತ್ತು. 10 ಎ ವರ್ಗದ್ದು, ಒಂದೂವರೆ ಕೋಟಿಗೂ ಜಾಸ್ತಿ ಯಂತ್ರಗಳ ಓಣಿ. ಪೋಲು ತಡೆಯಲಾರದೆ 1993ರಲ್ಲಿ ವರ್ಗಗಳನ್ನೇ ಕೈಬಿಟ್ಟರು. 10ರಿಂದ ಶುರುವಾಗುವ ವಿಳಾಸಗಳು ಈಗ ಮನೆ, ಆಫೀಸುಗಳ ಒಳಬಳಕೆಗೆ ಮೀಸಲು. ಪೆಟ್ಟಿಗೆಗೆ ಮಾತ್ರ ಹಳೇ ಪಾಠವೇ ಬಾಯಿಪಾಠ.

ವಿಂಡೋಸ್ 10ರ ಸೆಟ್ಟಿಂಗ್ಸ್ ಪುಟದಲ್ಲಿ ಇನ್ನೊಂದು ತಮಾಷೆ. ಅದು ಮಾಸ್ಕ್ ಕೇಳುವುದಿಲ್ಲ, ಒಂದುಗಳ ಎಣಿಕೆ ಕೇಳುತ್ತದೆ. ಮೂರು 255, ತಲಾ ಎಂಟು ಒಂದುಗಳು, ಹಾಗಾಗಿ ಅಲ್ಲಿ 24 ಎನ್ನಬೇಕು. 255.255.255.0 ಬರೆದರೆ ಸೇವ್ ಆಗುವುದಿಲ್ಲ, ಜನ ತಲೆ ಚಚ್ಚಿಕೊಳ್ಳುತ್ತಾರೆ. ಎರಡೂ ಒಂದೇ ಅಲ್ವಾ? ಒಂದೇ, ಬರೆಯುವ ರೀತಿ ಬೇರೆ. ಮ್ಯಾಕ್‌ನಲ್ಲಿ ಗೋಳಿಲ್ಲ: ನೆಟ್‌ವರ್ಕ್, ಡೀಟೇಲ್ಸ್, ಟಿಸಿಪಿ/ಐಪಿ, ಮ್ಯಾನ್ಯುಯಲಿ.

ಲಿನಕ್ಸ್‌ನಲ್ಲಿ ಹಳೆಯ ಇಫ್‌ಕಾನ್ಫಿಗ್ ಆಜ್ಞೆಗೆ ಮಾಸ್ಕ್ ಹೇಳದಿದ್ದರೆ ಅದೂ 255.0.0.0 ಎಂದೇ ಊಹಿಸುತ್ತದೆ. ಐಪಿ (ip) ಎಂಬ ಹೆಸರಿನ ಹೊಸ ಆಜ್ಞೆ ಉಲ್ಟಾ. 24 ಬರೆಯಲು ಮರೆತರೆ 32 ಎಂದುಕೊಳ್ಳುತ್ತದೆ, ಅಂದರೆ ಓಣಿಯಲ್ಲಿ ತಾನೊಬ್ಬನೇ! ಎರಡರಲ್ಲಿ ಹಾಕಿದ್ದೂ ರೀಸ್ಟಾರ್ಟ್ ಆದರೆ ಅಳಿಯುತ್ತದೆ. ಉಳಿಯಬೇಕಾದರೆ ಉಬುಂಟು ಸರ್ವರಿನಲ್ಲಿ ನೆಟ್‌ವರ್ಕ್ ಸೆಟ್ಟಿಂಗ್ ಇಡುವ ನೆಟ್‌ಪ್ಲಾನ್ ಫೈಲಿನಲ್ಲಿ ಬರೆಯಿರಿ. ಸಾಲುಗಳನ್ನು ಒಳಸರಿಸಲು ಸ್ಪೇಸ್ ಬಳಸಿ, ಟ್ಯಾಬ್ ಬೇಡ.

ಇನ್ನು ವೇಬ್ರಿಡ್ಜ್ ಸಿಗದಿದ್ದಾಗ ಆಫೀಸಿನ ವಿಂಡೋಸಿನಿಂದ ಅದಕ್ಕೆ ಪಿಂಗ್ ಮಾಡಿ ("ಇದ್ದೀಯಾ?" ಎಂದು ಕೇಳುವ ಆಜ್ಞೆ), ಉತ್ತರ ಯಾರಿಂದ ಬಂತು ಎಂದು ಓದಿ. ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್ ಎಂಬ ಸಾಲು ನಿಮ್ಮದೇ 10.1.1.15ರಿಂದ ಬಂದಿದ್ದರೆ ಮೂಟೆ ಗೇಟ್‌ವೇವರೆಗೂ ಹೋಗಿಲ್ಲ, ಮೊದಲು ಮಾಸ್ಕ್ ನೋಡಿ. ಬರೀ ರಿಕ್ವೆಸ್ಟ್ ಟೈಮ್ಡ್ ಔಟ್ ಎಂದಿದ್ದರೆ ಗೋಡೌನಿನ ಕಡೆ ಹೋಗಿ, ಹೊರಗಿನ ಕರೆಗಳನ್ನು ತಡೆಯುವ ಫೈರ್‌ವಾಲ್ ನೋಡಬಹುದು.