ಎರೆ ಹೊಲಕ್ಕೆ ಬೀಟಲ್: ಎತ್ತರಿಸುವ ಮೊದಲು ಬರೆದಿಟ್ಟುಕೊಂಡದ್ದು

ಹುಬ್ಬಳ್ಳಿಯಲ್ಲಿ ಗೋಕುಲ ರಸ್ತೆಯ ಹತ್ತಿರ ಗೆಳೆಯನ ಶೆಡ್ಡಿದೆ. ಅಲ್ಲಿ ಒಂದು 1965ರ ಫೋಕ್ಸ್‌ವ್ಯಾಗನ್ ಬೀಟಲ್ ನಿಂತಿದೆ. ಹಿಂದಿನ ಮಾಲೀಕರು ಅದನ್ನು ಎತ್ತರಿಸಿದ್ದರು, ಮಡ್‌ಗಾರ್ಡ್ ಕತ್ತರಿಸಿದ್ದರು, ಮೂಲ 1200 ಸಿಸಿ ಎಂಜಿನ್ ತೆಗೆದು 1600 ಸಿಸಿಯದ್ದು ಕೂರಿಸಿದ್ದರು. ನಾವು ನಾಲ್ಕು ಜನ ಭಾನುವಾರ ಸೇರಿ ಅದನ್ನು ಪೂರ್ತಿ ಬಿಚ್ಚಿದ್ದೇವೆ, ಈಗ ಮತ್ತೆ ಕಟ್ಟುತ್ತಿದ್ದೇವೆ. ನಾವ್ಯಾರೂ ಮೆಕ್ಯಾನಿಕ್ ಅಲ್ಲ. ಕಲಿಯುತ್ತಾ ನೋಟ್‌ಬುಕ್ಕಿನಲ್ಲಿ ಬರೆದುಕೊಂಡದ್ದನ್ನು, ಗಾಳಿಯಿಂದ ತಣಿಯುವ ಗಾಡಿಯನ್ನು ಮೊದಲ ಸಲ ಬಿಚ್ಚುವವರಿಗೆ ಉಪಯೋಗ ಆಗಲಿ ಅಂತ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳೋದು ಎಷ್ಟು ಇಂಚು ಎತ್ತರಿಸಬೇಕು ಅಂತ. ನಾನೂ ಅದನ್ನೇ ಕೇಳಿದ್ದೆ. ಈಗ ಅನ್ನಿಸುತ್ತಿದೆ, ಎತ್ತರ ಎಲ್ಲಿಂದ ಬರುತ್ತದೆ ಅನ್ನೋದು ಮೊದಲ ಪ್ರಶ್ನೆ. ಎಷ್ಟು ಅನ್ನೋದು ಆಮೇಲೆ.

ನಮ್ಮ ಕಡೆ ಚಕ್ಕಡಿ ನೋಡಿದ್ದೀರಲ್ವಾ? ಗಾಲಿ ಎತ್ತರ, ಅಗಲ ಕಡಿಮೆ. ನವಲಗುಂದ, ಅಣ್ಣಿಗೇರಿ ಕಡೆಯ ಎರೆ ಮಣ್ಣು ಮಳೆ ಬಿದ್ದ ಮೇಲೆ ಹೇಗಿರುತ್ತದೆ ಅಂತ ಗೊತ್ತಿದ್ದವರಿಗೆ ಆ ಗಾಲಿಯ ಲೆಕ್ಕ ಅರ್ಥ ಆಗುತ್ತದೆ. ಮೇಲಿನ ಅಂಟು ಮಣ್ಣನ್ನು ಸೀಳಿಕೊಂಡು ಕೆಳಗಿನ ಗಟ್ಟಿ ಪದರಕ್ಕೆ ಇಳಿಯುತ್ತದೆ. ಗಾಲಿ ದೊಡ್ಡದಾದ್ದರಿಂದ ಅಚ್ಚು ನೆಲದಿಂದ ಮೇಲಿರುತ್ತದೆ. ಕಾರಿನಲ್ಲೂ ಅಷ್ಟೇ, ದೊಡ್ಡ ಟೈರು ಕೊಡುವ ಎತ್ತರ ಎಲ್ಲಾ ಭಾಗಕ್ಕೂ ಸಿಗುತ್ತದೆ.

ಬಾಡಿ ಲಿಫ್ಟ್ ಹಾಗಲ್ಲ. ಬೀಟಲ್‌ನಲ್ಲಿ ಬಾಡಿ ಬೇರೆ, ಕೆಳಗಿನ ಪ್ಯಾನ್ (ಗಾಡಿಯ ತಳದ ತಗಡು) ಬೇರೆ. ಎರಡನ್ನೂ ಬೋಲ್ಟ್‌ನಿಂದ ಜೋಡಿಸಿರುತ್ತಾರೆ. ಮಧ್ಯೆ ಚೌಕ ಪೈಪ್ ಇಟ್ಟು ಬಾಡಿಯನ್ನು ಮೂರು ಇಂಚು ಮೇಲೆತ್ತಿದರೆ ನೋಡೋಕೆ ಗಾಡಿ ಎತ್ತರ ಕಾಣುತ್ತದೆ, ದೊಡ್ಡ ಟೈರಿಗೆ ಜಾಗವೂ ಆಗುತ್ತದೆ. ಆದರೆ ಕಲ್ಲಿಗೆ ಬಡಿಯುವ ಪ್ಯಾನು, ಗೇರ್‌ಬಾಕ್ಸು, ಎಂಜಿನ್ನು ಎಲ್ಲಾ ಮೊದಲಿದ್ದಲ್ಲೇ ಇರುತ್ತವೆ. ಭಾರ ಮಾತ್ರ ಮೇಲೆ ಹೋಯಿತು. ನಮ್ಮ ಗಾಡಿಗೆ ಹಿಂದಿನವರು ಮಾಡಿಸಿದ್ದು ಇದನ್ನೇ. ನಾವು ಅದನ್ನು ತೆಗೆದೆವು.

ಸಸ್ಪೆನ್ಷನ್ ಎತ್ತರಿಸಿದರೆ ಬೇರೆ ಮಾತು. ಹಳೇ ಜೀಪಿನಲ್ಲಿ ಡಿಫರೆನ್ಷಿಯಲ್ (ಶಕ್ತಿಯನ್ನು ಎರಡೂ ಗಾಲಿಗೆ ಹಂಚುವ ಗೇರು) ಅಚ್ಚಿನ ಜೊತೆಗೇ ಇರುತ್ತದೆ, ಸ್ಪ್ರಿಂಗ್ ಎತ್ತರಿಸಿದರೆ ಅದು ಮೇಲೆ ಬರಲ್ಲ. ಬೀಟಲ್‌ನಲ್ಲಿ ಗೇರ್‌ಬಾಕ್ಸು, ಡಿಫರೆನ್ಷಿಯಲ್ಲು ಪ್ಯಾನಿಗೇ ಕೂತಿರುತ್ತವೆ. ಹಾಗಾಗಿ ಸಸ್ಪೆನ್ಷನ್ ಎತ್ತರಿಸಿದಷ್ಟೂ ಹೊಟ್ಟೆ ನಿಜವಾಗಿ ಮೇಲೇಳುತ್ತದೆ. ಜೊತೆಗೆ ಪ್ಯಾನಿನ ಅಡಿ ಹೆಚ್ಚುಕಮ್ಮಿ ಸಪಾಟು, ಕೆಸರಿನ ಮೇಲೆ ಜಾರಿಕೊಂಡು ಹೋಗುತ್ತದೆ. ಭಾರದಲ್ಲಿ ನೂರಕ್ಕೆ ಸುಮಾರು 60 ಭಾಗ ಹಿಂದಿನ ಗಾಲಿಗಳ ಮೇಲೆ ಇರುತ್ತದೆ, ಎಳೆಯೋದೂ ಅವೇ ಗಾಲಿ. ನಾಲ್ಕು ಚಕ್ರಕ್ಕೆ ಶಕ್ತಿ ಇಲ್ಲದಿದ್ದರೂ ಈ ಗಾಡಿ ಮರಳು, ಕೆಸರಲ್ಲಿ ದಾಟಿಬರಲು ಇದೇ ಕಾರಣ. 1967ರಲ್ಲಿ ಮೆಕ್ಸಿಕೋದ ಬಾಹಾ ಪರ್ಯಾಯದ್ವೀಪದಲ್ಲಿ ನಡೆದ ಮೊದಲ ಮರುಭೂಮಿ ಓಟವನ್ನು ಗೆದ್ದದ್ದು ಬೀಟಲ್ ಭಾಗಗಳ ಮೇಲೆ ಕಟ್ಟಿದ ಮೇಯರ್ಸ್ ಮ್ಯಾಂಕ್ಸ್ ಬಗ್ಗಿ. ಕತ್ತರಿಸಿ ಎತ್ತರಿಸಿದ ಬೀಟಲ್‌ಗೆ ಬಾಹಾ ಬಗ್ ಅಂತ ಹೆಸರು ಬಂದದ್ದೂ ಆ ಜಾಗದಿಂದಲೇ.

ಹಿಂದಿನ ಅಚ್ಚು, ಟಾರ್ಷನ್ ಬಾರ್

ಇಲ್ಲಿ ನಿಧಾನ ಮಾಡಿ. ನಮ್ಮ ಗಾಡಿಯಲ್ಲಿ ಕಾಯಿಲ್ ಸ್ಪ್ರಿಂಗೂ ಇಲ್ಲ, ಲಾರಿಯ ಥರ ಪಾಟಾನೂ ಇಲ್ಲ. ಹಿಂದೆ ಎರಡೂ ಬದಿಗೆ ಒಂದೊಂದು ಉಕ್ಕಿನ ಸರಳಿದೆ, ಟಾರ್ಷನ್ ಬಾರ್ ಅಂದರೆ ಇದೇ. ಅದು ತಿರುಚಿಕೊಳ್ಳುವುದರಿಂದಲೇ ಸ್ಪ್ರಿಂಗಿನ ಕೆಲಸ ಆಗುತ್ತದೆ. ಸರಳಿನ ಒಳತುದಿಯಲ್ಲಿ 40 ಹಲ್ಲು, ಹೊರತುದಿಯಲ್ಲಿ 44. ಯಾಕೆ ಬೇರೆ ಬೇರೆ? ಒಳಗಿನ ಒಂದು ಹಲ್ಲು ಸರಿಸಿದರೆ 9 ಡಿಗ್ರಿ. ಹೊರಗಿನ ಒಂದು ಹಲ್ಲು ಸರಿಸಿದರೆ 8 ಡಿಗ್ರಿಗಿಂತ ಸ್ವಲ್ಪ ಜಾಸ್ತಿ, ಸುಮಾರು 8 ಡಿಗ್ರಿ 10 ಮಿನಿಟ್ (ಒಂದು ಡಿಗ್ರಿಗೆ 60 ಮಿನಿಟ್). ಒಳಗಿನದನ್ನು ಒಂದು ಕಡೆಗೆ, ಹೊರಗಿನದನ್ನು ಅದರ ವಿರುದ್ಧ ಕಡೆಗೆ ಒಂದೊಂದು ಹಲ್ಲು ಸರಿಸಿದರೆ ಉಳಿಯೋದು ಸುಮಾರು 50 ಮಿನಿಟ್, ಅಂದರೆ ಒಂದು ಡಿಗ್ರಿಗಿಂತ ಕಡಿಮೆ. ಅಷ್ಟು ಸೂಕ್ಷ್ಮವಾಗಿ ಎತ್ತರ ಹೊಂದಿಸಬಹುದು. ಈ ಲೆಕ್ಕ ತಲೆಗೆ ಹತ್ತಿದ ದಿನ ನನಗೆ ಎಷ್ಟು ಖುಷಿ ಆಯಿತು ಅಂದರೆ, ಮನೆಗೆ ಬಂದು ಹಾಳೆಯ ಮೇಲೆ ಎರಡು ವೃತ್ತ ಬರೆದು ತಮ್ಮನಿಗೂ ವಿವರಿಸಿದೆ.

ಆದರೆ ಮೊದಲ ಸಲ ನಾವು ಬಲಗಡೆ ಹಲ್ಲು ಎಣಿಸುವಾಗ ಒಂದು ತಪ್ಪಿತು. ಗಾಡಿ ಇಳಿಸಿದಾಗ ಒಂದು ಕಡೆ ವಾಲಿ ನಿಂತಿತು. ಮತ್ತೆ ಬಿಚ್ಚಿ ಕೂರಿಸಲು ಇಡೀ ಭಾನುವಾರ ಹೋಯಿತು. ಅದಕ್ಕೆ ಬಿಚ್ಚುವ ಮೊದಲು ಎರಡೂ ಕಡೆ ಸ್ಪ್ರಿಂಗ್ ಪ್ಲೇಟಿನ (ಸರಳಿನ ಹೊರತುದಿಗೆ ಕೂತು ಅಚ್ಚನ್ನು ಹಿಡಿಯುವ ಉಕ್ಕಿನ ಪಟ್ಟಿ) ಕೋನ ಅಳೆದು ಬರೆದಿಡಿ, ಪೇಂಟಿನಿಂದ ಗುರುತೂ ಹಾಕಿ. ಸರಳುಗಳು ಎಡ ಬಲ ಅದಲುಬದಲು ಆಗಬಾರದು, ಅವುಗಳ ತುದಿಯಲ್ಲಿ ಎಲ್, ಆರ್ ಗುರುತು ಇರುತ್ತದೆ. ಮೈಮೇಲೆ ಗೀರು ಬೀಳಬಾರದು, ಗೀರು ಬಿದ್ದಲ್ಲಿಂದಲೇ ಬಿರುಕು ಶುರುವಾಗುತ್ತದೆ. ಇನ್ನೊಂದು, ಸ್ಪ್ರಿಂಗ್ ಪ್ಲೇಟನ್ನು ಅದರ ತಡೆಯಿಂದ ಬಿಡಿಸುವಾಗ ಅದು ಜೋರಾಗಿ ಕೆಳಗೆ ಸಿಡಿಯುತ್ತದೆ. ಜ್ಯಾಕು, ಸರಪಳಿ ಎರಡೂ ಇಲ್ಲದೆ ಕೈ ಹಾಕಲೇಬೇಡಿ. ಬೆರಳು ಹೋಗುವ ಕೆಲಸ ಅದು.

ಈಗ ಎತ್ತರದ ಬೆಲೆ. 1965ರ ಗಾಡಿಯ ಹಿಂದೆ ಇರೋದು ಸ್ವಿಂಗ್ ಆಕ್ಸಲ್. ಅಚ್ಚಿನ ಕೊಳವೆ ಗೇರ್‌ಬಾಕ್ಸ್ ಹತ್ತಿರ ಮಾತ್ರ ಮಡಚುತ್ತದೆ, ಗಾಲಿಯ ಹತ್ತಿರ ಮಡಚಲ್ಲ. ಹಾಗಾಗಿ ಗಾಡಿ ಮೇಲೆದ್ದಷ್ಟೂ ಗಾಲಿಗಳ ಕೆಳತುದಿ ಒಳಗೆ ಸರಿಯುತ್ತದೆ. ಕೊಕ್ಕರೆ ಕಾಲು ಮಡಚಿದ ಹಾಗೆ. ನಿಂತಾಗ ಚೆನ್ನಾಗೇ ಕಾಣುತ್ತದೆ, ಆದರೆ ವೇಗದಲ್ಲಿ ತಿರುವು ತೆಗೆದುಕೊಂಡರೆ ಹೊರಗಿನ ಗಾಲಿ ಇನ್ನೂ ಒಳಗೆ ಮಡಚಿ, ಗಾಡಿಯ ಹಿಂಭಾಗವನ್ನು ಮೇಲೆತ್ತಿ ಮಗುಚಿಬಿಡಬಹುದು. ಇದು ಹೆದರಿಸೋಕೆ ಹೇಳುವ ಮಾತಲ್ಲ, ಆ ಅಚ್ಚಿನ ಸ್ವಭಾವವೇ ಹಾಗೆ. ನಾವು ಹಿಂದೆ ಎರಡು ಇಂಚಿಗೆ ನಿಲ್ಲಿಸಿದೆವು. ಗಾಲಿ ಜಾಸ್ತಿ ಕೆಳಗೆ ಜೋಲದ ಹಾಗೆ ಪಟ್ಟಿಯನ್ನೂ ಕಟ್ಟಿದೆವು. ಉಳಿದ ಎತ್ತರ ಟೈರಿನಿಂದ. ಅಮೆರಿಕಕ್ಕೆ ಹೋದ ಬೀಟಲ್‌ಗಳಿಗೆ 1969ರಿಂದ ಬಂದ ಐಆರ್‌ಎಸ್ (ಸ್ವತಂತ್ರ ಹಿಂದಿನ ಸಸ್ಪೆನ್ಷನ್) ಅಚ್ಚಿನಲ್ಲಿ ಎರಡೂ ತುದಿ ಮಡಚುವುದರಿಂದ ಈ ತೊಂದರೆ ತುಂಬಾ ಕಡಿಮೆ. ಅದನ್ನು ಹಳೇ ಪ್ಯಾನಿಗೆ ವೆಲ್ಡ್ ಮಾಡಿ ಕೂರಿಸುವವರೂ ಇದ್ದಾರೆ. ನಮಗೆ ಅಷ್ಟು ಧೈರ್ಯ ಇನ್ನೂ ಬಂದಿಲ್ಲ.

ಗಾಲಿ ಓರೆಯಾಗದೆ ಎತ್ತರ ಸಿಗುವ ಇನ್ನೊಂದು ದಾರಿ ಇದೆ, ನನಗೆ ತುಂಬಾ ಇಷ್ಟವಾದದ್ದು. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಸೈನ್ಯ ಬಳಸಿದ ಫೋಕ್ಸ್‌ವ್ಯಾಗನ್ ಗಾಡಿ ಕ್ಯೂಬೆಲ್‌ವ್ಯಾಗನ್‌ನ ಹಿಂದಿನ ಗಾಲಿಗಳ ಹತ್ತಿರ ಸಣ್ಣ ಗೇರ್ ಪೆಟ್ಟಿಗೆ ಇರುತ್ತಿತ್ತು. ಅಚ್ಚು ಮೇಲೆ, ಗಾಲಿಯ ನಡು ಕೆಳಗೆ. ಅದೇ ಉಪಾಯ ಫೋಕ್ಸ್‌ವ್ಯಾಗನ್ ಬಸ್ಸಿನಲ್ಲಿ 1967ರ ಮಾದರಿಯವರೆಗೂ ಇತ್ತು. ಆ ಪೆಟ್ಟಿಗೆ ಬೀಟಲ್‌ಗೆ ಹಾಕಿದರೆ ಎತ್ತರವೂ ಸಿಗುತ್ತದೆ, ಎಳೆಯುವ ಬಲವೂ ಜಾಸ್ತಿ ಆಗುತ್ತದೆ. ಆದರೆ ಎರಡು ಗೇರು ಒಂದಕ್ಕೊಂದು ಕಚ್ಚಿದಾಗ ತಿರುಗುವ ದಿಕ್ಕು ಉಲ್ಟಾ ಆಗುತ್ತದೆ ಅಲ್ವಾ? ಹಾಗಾಗಿ ಗೇರ್‌ಬಾಕ್ಸಿನ ಒಳಗೆ ಕ್ರೌನ್ ಗೇರನ್ನು (ಡಿಫರೆನ್ಷಿಯಲ್ಲಿನ ದೊಡ್ಡ ಗೇರು) ಇನ್ನೊಂದು ಬದಿಗೆ ತಿರುಗಿಸಿ ಕೂರಿಸಬೇಕು. ಮರೆತರೆ ಗಾಡಿಗೆ ನಾಲ್ಕು ಹಿಮ್ಮುಖ ಗೇರು, ಒಂದೇ ಮುಮ್ಮುಖ ಗೇರು!

ಗಾಳಿಯೇ ನೀರು, ತಗಡೇ ಪೈಪು

ಇದು ಇಡೀ ಟಿಪ್ಪಣಿಯಲ್ಲಿ ಮುಖ್ಯ ಭಾಗ ಅಂತ ನನ್ನ ಅಭಿಪ್ರಾಯ. ಎತ್ತರ ತಪ್ಪಿದರೆ ಮತ್ತೆ ಹೊಂದಿಸಬಹುದು, ಎಂಜಿನ್ ಸುಟ್ಟರೆ ದುಡ್ಡು ಹೋಗುತ್ತದೆ.

ರೇಡಿಯೇಟರ್ ಇಲ್ಲ, ನೀರಿಲ್ಲ. ಡೈನಮೋ ತುದಿಯಲ್ಲಿ ಒಂದು ಫ್ಯಾನು. ಅದನ್ನು ಬೆಲ್ಟು ತಿರುಗಿಸುತ್ತದೆ. ಫ್ಯಾನು ಎಳೆದ ಗಾಳಿ ತಗಡಿನ ಹೊದಿಕೆಯೊಳಗೆ ಹಾದು, ನಾಲ್ಕೂ ಸಿಲಿಂಡರಿನ ರೆಕ್ಕೆಗಳ ಮೇಲೆ ಇಳಿದು, ಬಿಸಿಯಾಗಿ ಕೆಳಗೆ ಹೋಗುತ್ತದೆ. ಎಂಜಿನ್ ಸುತ್ತ ಇರುವ ರಬ್ಬರ್ ಪಟ್ಟಿ ಮೇಲಿನ ತಣ್ಣನೆ ಗಾಳಿಯನ್ನೂ ಕೆಳಗಿನ ಬಿಸಿ ಗಾಳಿಯನ್ನೂ ಬೇರೆ ಮಾಡುತ್ತದೆ. ಬಾಹಾ ಮಾಡುವವರು ಹಿಂದಿನ ಬಾಡಿ ಕತ್ತರಿಸುವಾಗ ಈ ತಗಡು, ಪಟ್ಟಿಗಳನ್ನೂ ಸುಮ್ನೆ ಕಿತ್ತು ಬಿಸಾಡುತ್ತಾರೆ. ಬಯಲಲ್ಲೇ ಇದೆಯಲ್ಲ, ಗಾಳಿ ತಾಗುತ್ತದೆ ಅಂತ. ತಾಗುತ್ತದೆ ನಿಜ, ಆದರೆ ಬೇಕಾದ ಕಡೆ ಹೋಗಲ್ಲ. ಕೆಳಗಿನ ಬಿಸಿ ಗಾಳಿಯನ್ನೇ ಫ್ಯಾನು ಮತ್ತೆ ಎಳೆದುಕೊಳ್ಳುತ್ತದೆ.

ನಮಗೆ ಇದರ ಪಾಠ ಆದದ್ದು ಬಿಚ್ಚುವ ಮೊದಲು, ಏಪ್ರಿಲ್ ಬಿಸಿಲಲ್ಲಿ ಗದಗ ದಾರಿಯಲ್ಲಿ. ಗಾಡಿಯ ಎಳೆತ ಕಡಿಮೆಯಾಯಿತು, ಸೈಲೆನ್ಸರ್‌ನಲ್ಲಿ ಪಟ್ ಪಟ್ ಸದ್ದು. ಶೆಡ್ಡಿಗೆ ತಂದು ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ) ನೋಡಿದರೆ ಮೂರು ಸಿಲಿಂಡರಿನಲ್ಲಿ 110 ಪಿಎಸ್‌ಐ ಆಸುಪಾಸು, ಮೂರನೇ ನಂಬರಿನಲ್ಲಿ 70. ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ವಾಲ್ವಿನ ಅಂಚು ಸುಟ್ಟಿತ್ತು. ಮೂರನೆಯದೇ ಯಾಕೆ? ಹಳೇ ಮಾದರಿಯ ಹೊದಿಕೆಯಲ್ಲಿ ಆಯಿಲ್ ಕೂಲರ್ ಮೂರನೇ ಸಿಲಿಂಡರಿಗೆ ಹೋಗುವ ಗಾಳಿಯ ದಾರಿಯಲ್ಲೇ ನಿಂತಿರುತ್ತದೆ. ಮೊದಲೇ ಬಿಸಿಯಾದ ಗಾಳಿ ಅದಕ್ಕೆ ಸಿಗುತ್ತದೆ. ನಮ್ಮ ಗಾಡಿಯಲ್ಲಿ ಆ ಕೂಲರಿನ ಸಂದಿಯಲ್ಲಿ ಹತ್ತಿ ಎಳೆ, ಜೋಳದ ಹೊಟ್ಟು, ಧೂಳು ಎಲ್ಲಾ ಸೇರಿ ಬೆಣೆ ಹೊಡೆದ ಹಾಗೆ ಕೂತಿತ್ತು. ನಮ್ಮ ಸೀಮೆಯ ಸುಗ್ಗಿ ಇಡೀ ಅದರೊಳಗಿತ್ತು. 1971ರ ಮಾದರಿಯಿಂದ ಕಂಪನಿ ಕೂಲರನ್ನು ಹೊದಿಕೆಯ ಹಿಂದಕ್ಕೆ ಸರಿಸಿ ಬೇರೆ ಗೂಡು ಮಾಡಿತು, ಅದಕ್ಕೆ ಡಾಗ್‌ಹೌಸ್ ಅಂತಾರೆ. 1600 ಎಂಜಿನ್ ಇದ್ದವರು ಅದನ್ನೇ ಹುಡುಕಿ ಹಾಕಿ. ನಾವೂ ಹಾಕಿದೆವು. ತಗಡು, ರಬ್ಬರ್ ಪಟ್ಟಿ ಎಲ್ಲಾ ಮತ್ತೆ ಕೂರಿಸಿದೆವು. ಫ್ಯಾನಿನ ಬಾಯಿಗೆ ಜಾಳಿಗೆ ಹಾಕಿದ್ದೇವೆ, ಆದರೆ ಪ್ರತಿ ಸಲ ಓಡಿಸಿದ ಮೇಲೆ ಅದನ್ನು ಒರೆಸಲೇಬೇಕು, ಇಲ್ಲದಿದ್ದರೆ ಜಾಳಿಗೆಯೇ ಮುಚ್ಚಿಕೊಂಡು ಗಾಳಿ ನಿಲ್ಲಿಸುತ್ತದೆ.

ಧೂಳಿಗೆ ಏರ್ ಕ್ಲೀನರ್ ಯಾವುದು? ಅಂಗಡಿಯಲ್ಲಿ ಹೊಳೆಯುವ ಚಿಕ್ಕ ಫಿಲ್ಟರ್ ತೋರಿಸುತ್ತಾರೆ. ನನ್ನ ಮಾತು ಕೇಳಿದರೆ ಮೂಲದ ಎಣ್ಣೆ ತುಂಬುವ ಡಬ್ಬಿಯೇ ಇರಲಿ. ಹಳೇ ಟ್ರ್ಯಾಕ್ಟರಿನಲ್ಲಿ ನೋಡಿರುತ್ತೀರಿ, ಗಾಳಿ ಎಣ್ಣೆಯ ಮೇಲೆ ತಿರುಗಿ ಧೂಳನ್ನು ಅಲ್ಲೇ ಬಿಟ್ಟು ಹೋಗುತ್ತದೆ. ಎಣ್ಣೆ ಬದಲಾಯಿಸಿದರೆ ಸಾಕು.

ಎಂಜಿನ್ ಎಣ್ಣೆ ಹಿಡಿಯೋದು ಎರಡೂವರೆ ಲೀಟರ್ ಮಾತ್ರ. ಫಿಲ್ಟರ್ ಇಲ್ಲ, ಒಂದು ಜಾಲರಿ ಅಷ್ಟೇ. ತಣಿಸುವ ಕೆಲಸದಲ್ಲಿ ಈ ಎಣ್ಣೆಯದ್ದೂ ದೊಡ್ಡ ಪಾಲು. ಕೆಲವರು ಕೆಳಗೆ ಹೆಚ್ಚುವರಿ ಸಂಪ್ (ಎಣ್ಣೆ ತೊಟ್ಟಿ) ಜೋಡಿಸುತ್ತಾರೆ. ಎಣ್ಣೆ ಜಾಸ್ತಿ ಹಿಡಿಯುತ್ತದೆ ನಿಜ, ಆದರೆ ಅದು ಗಾಡಿಯ ಅತಿ ಕೆಳಗಿನ ಜಾಗದಲ್ಲಿ ಜೋಲುತ್ತದೆ. ಕಷ್ಟಪಟ್ಟು ಗಳಿಸಿದ ಎತ್ತರವನ್ನು ನಾವೇ ವಾಪಸ್ ಕೊಟ್ಟ ಹಾಗೆ. ನಾವು ಪಂಪಿನಿಂದ ಪೈಪ್ ತೆಗೆದು ಬೇರೆ ಕಡೆ ಫಿಲ್ಟರ್ ಕೂರಿಸಿದೆವು, ಕೆಳಗೆ ದಪ್ಪ ತಗಡು ಕಟ್ಟಿದೆವು.

ಎಂಜಿನ್ ಜೋಡಿಸುವಾಗ ನೆನಪಿಡಬೇಕಾದ ಅಳತೆಗಳು ಜಾಸ್ತಿ ಇಲ್ಲ. ಕ್ರ್ಯಾಂಕಿನ ಉದ್ದಕ್ಕೆ ಆಟ 0.07ರಿಂದ 0.13 ಮಿ.ಮೀ. ಫ್ಲೈವೀಲ್ ಒಳಗೆ ಯಾವಾಗಲೂ ಮೂರು ಶಿಮ್ (ಸಂದು ಹೊಂದಿಸುವ ತೆಳು ಲೋಹದ ಬಿಲ್ಲೆ), ಎರಡೂ ಅಲ್ಲ ನಾಲ್ಕೂ ಅಲ್ಲ. ಹೆಡ್ಡಿನ ಸ್ಟಡ್ 10 ಮಿ.ಮೀ. ಆದರೆ ಬಿಗಿ 32 ನ್ಯೂಟನ್ ಮೀಟರ್, 8 ಮಿ.ಮೀ. ಆದರೆ 25. ಕೈಬಲ ತೋರಿಸಬೇಡಿ, ಕೇಸು ಮೆಗ್ನೀಷಿಯಂ ಮಿಶ್ರಲೋಹದ್ದು, ಸ್ಟಡ್ ಕಿತ್ತು ಬರುತ್ತದೆ. ಫ್ಲೈವೀಲಿನ ನಟ್ಟು ಮಾತ್ರ ಸುಮಾರು 300 ನ್ಯೂಟನ್ ಮೀಟರ್. ಅಂದರೆ ಒಂದು ಮೀಟರ್ ಪೈಪಿನ ತುದಿಗೆ 30 ಕೆಜಿ ತೂಗಿದಷ್ಟು. ವಾಲ್ವಿನ ಸಂದು 0.15 ಮಿ.ಮೀ., ರಾತ್ರಿಯೆಲ್ಲಾ ನಿಂತು ಪೂರ್ತಿ ತಣ್ಣಗಾದ ಎಂಜಿನ್ನಿನಲ್ಲಿ ಮಾತ್ರ ನೋಡಬೇಕು. ಒಂದೇ ಎಕ್ಸಾಸ್ಟ್ ವಾಲ್ವಿನ ಸಂದು ಪದೇ ಪದೇ ಕಡಿಮೆ ಆಗುತ್ತಿದ್ದರೆ ಸರಿಮಾಡಿ ಸುಮ್ಮನಾಗಬೇಡಿ. ವಾಲ್ವು ಹಿಗ್ಗುತ್ತಿದೆ ಅಥವಾ ಸೀಟು ಕುಸಿಯುತ್ತಿದೆ ಅಂತ ಅರ್ಥ, ಹೆಡ್ ಇಳಿಸಿ.

ಪೆಟ್ರೋಲ್ ಪೈಪು ಹೊಸದು ಹಾಕಿ, ಕ್ಲಿಪ್ ಬಿಗಿಯಾಗಿರಲಿ. ಸೋರಿದ ಪೆಟ್ರೋಲು ಡಿಸ್ಟ್ರಿಬ್ಯೂಟರ್ ಹತ್ತಿರವೇ ಬೀಳುತ್ತದೆ. ಮೆಗ್ನೀಷಿಯಂ ಹೊತ್ತಿದರೆ ನೀರು ಸುರಿಯಲೇಬಾರದು. ಬೆಂಕಿ ಆರಿಸುವ ಪುಡಿ ಸಿಲಿಂಡರ್ ಡ್ರೈವರ್ ಕೈಗೆ ಸಿಗುವ ಹಾಗೆ ಇರಲಿ, ಬೆಂಕಿ ಇನ್ನೂ ಪೆಟ್ರೋಲಿನಲ್ಲಷ್ಟೇ ಇರುವಾಗಲೇ ಆರಿಸಬೇಕು.

ತುಕ್ಕು ನೋಡುವಾಗ ಹಿಂದಿನ ಸೀಟಿನ ಕೆಳಗೆ ಬ್ಯಾಟರಿ ಕೂರುವ ಜಾಗ, ಎರಡೂ ಬದಿಯ ಹೀಟರ್ ಚಾನೆಲ್ (ಬಾಗಿಲ ಕೆಳಗೆ ಬಿಸಿ ಗಾಳಿ ಹಾಯುವ ತಗಡಿನ ಕೊಳವೆ), ಹಿಂದೆ ಗೇರ್‌ಬಾಕ್ಸ್ ಹಿಡಿಯುವ ಎರಡು ಕೊಂಬು, ಇವಿಷ್ಟು ಮೊದಲು. ಹೀಟರ್ ಚಾನೆಲ್ ತುಕ್ಕು ತಿಂದು ಹೋಗಿದ್ದರೆ ಬಾಡಿಗೆ ಬಲವೇ ಇಲ್ಲ.

ಕಾನೂನಿನ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಇರುವ ವಿವರಕ್ಕೂ ಗಾಡಿಗೂ ಹೊಂದದ ಹಾಗೆ ಬದಲಾವಣೆ ಮಾಡುವಂತಿಲ್ಲ. 2021ರ ವಿಂಟೇಜ್ ನಿಯಮದಲ್ಲಿ 50 ವರ್ಷ ದಾಟಿದ ಗಾಡಿಗೆ ಬೇರೆ ನೋಂದಣಿ ಇದೆ, ಆದರೆ ಚಾಸಿ, ಬಾಡಿ, ಎಂಜಿನ್ ದೊಡ್ಡ ಮಟ್ಟದಲ್ಲಿ ಬದಲಾಗಿರಬಾರದು. ಹಾಗಾಗಿ ಮೂಲ ರೂಪದಲ್ಲಿ ಚೆನ್ನಾಗಿರುವ ಬೀಟಲ್ ಸಿಕ್ಕರೆ ದಯವಿಟ್ಟು ಕತ್ತರಿಸಬೇಡಿ. ನಮ್ಮದು ಮೊದಲೇ ಕತ್ತರಿಸಿದ್ದು, ಅದನ್ನು ಓಡಿಸೋದೂ ಇನ್ನು ಮುಂದೆ ಗೆಳೆಯನ ಹೊಲದಲ್ಲೇ. ಕಪ್ಪತಗುಡ್ಡದ ಕಡೆ ದಾರಿ ಚೆನ್ನಾಗಿದೆ ಅಂತ ಆಸೆ ಹುಟ್ಟುತ್ತದೆ, ಆದರೆ ಅದು ವನ್ಯಜೀವಿ ಧಾಮ, ಅಲ್ಲಿಗೆ ಬೇಡ.

ಮುಂದಿನ ಅಚ್ಚು ಇನ್ನೂ ಬಾಕಿ. ನಮ್ಮದು ಗಾಲಿ ತಿರುಗಲು ಕಿಂಗ್ ಪಿನ್, ಮೇಲೆ ಕೆಳಗೆ ಆಡಲು ಲಿಂಕ್ ಪಿನ್ ಇರುವ ಹಳೇ ಬೀಮ್ (ಮುಂದಿನ ಅಚ್ಚಿನ ಜೋಡಿ ಕೊಳವೆ). 1966ರ ಮಾದರಿಯಿಂದ ಬಂದ ಬಾಲ್ ಜಾಯಿಂಟ್‌ಗಿಂತ ಇದರಲ್ಲಿ ಗಾಲಿ ಜಾಸ್ತಿ ಮೇಲೆ ಕೆಳಗೆ ಆಡುತ್ತದೆ, ಆದರೆ ಗ್ರೀಸ್ ತಪ್ಪಿಸುವಂತಿಲ್ಲ. ಹಿಂದೆ ಎತ್ತರಿಸಿದ್ದರಿಂದ ಮುಂದಿನ ಕಾಸ್ಟರ್ ಕೋನ (ಗಾಲಿ ತಿರುಗುವ ಪಿನ್ನು ಹಿಂದಕ್ಕೆ ವಾಲಿರುವ ಓರೆ) ಕಡಿಮೆ ಆಗಿದೆ, ಸ್ಟೀರಿಂಗ್ ಬಿಟ್ಟರೆ ಗಾಡಿ ನೇರ ಹೋಗದೆ ಅಲೆಯುತ್ತದೆ. ಬೀಮಿನ ಕೆಳಗಿನ ಕೊಳವೆಯ ಹಿಂದೆ ಶಿಮ್ ಇಟ್ಟರೆ ಕೋನ ವಾಪಸ್ ಬರುತ್ತದೆ. ಶಿಮ್ ಲೇಥ್ ಅಂಗಡಿಯಿಂದ ನಿನ್ನೆ ಬಂದಿವೆ. ಈ ಭಾನುವಾರ ಅವನ್ನು ಹಾಕಿ, ದಾರ ಕಟ್ಟಿ ಟೋ-ಇನ್ (ಗಾಲಿಗಳ ಮುಂತುದಿ ಎಷ್ಟು ಒಳಗೆ ತಿರುಗಿದೆ ಅನ್ನೋದು) ನೋಡಬೇಕು. ದಾರದ ತುದಿ ಹಿಡಿಯೋಕೆ ಇನ್ನಿಬ್ಬರು ಬಂದರೆ ಕೆಲಸ ಬೇಗ ಆಗುತ್ತದೆ.