ಓಡುವ ಹಿಂಡು, ನಿಂತ ಹಿಂಡು

ಬಫಲೋ ಬೇಟೆಯ ಸಿನಿಮಾ ಅಂದ ತಕ್ಷಣ ಕಣ್ಣ ಮುಂದೆ ಬರುವುದು ಓಟ. ಧೂಳೆಬ್ಬಿಸಿಕೊಂಡು ನುಗ್ಗುವ ಸಾವಿರಾರು ಪ್ರಾಣಿಗಳು, ಅವುಗಳ ಪಕ್ಕದಲ್ಲೇ ಕುದುರೆ, ಕುದುರೆ ಮೇಲೆ ಬಂದೂಕು ಹಿಡಿದ ನಾಯಕ. ನನ್ನ ಕೆಲಸ ಸಂಕಲನ. ಇಂಥ ಓಟ ಟೇಬಲ್‌ಗೆ ಬಂದರೆ ನಮಗೆ ಹಬ್ಬ. ಎಲ್ಲಿ ಕತ್ತರಿಸಿದರೂ ಕೂಡಿಕೊಳ್ಳುತ್ತದೆ, ತಪ್ಪುಗಳನ್ನೆಲ್ಲ ಧೂಳು ಮುಚ್ಚುತ್ತದೆ. ಆದರೆ ಅಮೆರಿಕದ ಬಯಲಲ್ಲಿ ಬಫಲೋ ಸಂತತಿ ಮುಗಿದುಹೋದದ್ದು ಈ ಥರದ ಬೇಟೆಯಿಂದ ಅಲ್ಲ. ಹಿಂಡು ನಿಂತೇ ಇತ್ತು. ಹೊಡೆಯುವವನು ಕೂತೇ ಇದ್ದ. ಇದನ್ನು ತೋರಿಸಲು ಧೈರ್ಯ ಮಾಡಿದ ಸಿನಿಮಾಗಳು ತೀರಾ ಕಡಿಮೆ.

ಆ ಬೇಟೆ ನಿಜಕ್ಕೂ ಹೇಗೆ ನಡೆಯುತ್ತಿತ್ತು ಅಂತ ಮೊದಲು ಹೇಳಿಬಿಡುತ್ತೇನೆ. ಅಮೆರಿಕದವರು ಬಫಲೋ ಅನ್ನುವುದು ಬೈಸನ್‌ಗೆ. ಅದು ನಮ್ಮ ಎಮ್ಮೆಗಿಂತ ಬಂಡೀಪುರದ ಕಾಟಿಗೆ ಹತ್ತಿರದ ಪ್ರಾಣಿ. ದೊಡ್ಡ ಗಂಡು ಸುಮಾರು 900 ಕಿಲೋ ತೂಗುತ್ತದೆ. 1871ರ ಹೊತ್ತಿಗೆ ಇದರ ಚರ್ಮವನ್ನು ಹದ ಮಾಡಿ ಗಟ್ಟಿ ತೊಗಲು ತೆಗೆಯುವ ವಿಧಾನ ಸಿಕ್ಕಿತು. ಕಾರ್ಖಾನೆಯ ಯಂತ್ರಗಳನ್ನು ತಿರುಗಿಸುವ ಬೆಲ್ಟ್‌ಗಳಿಗೆ ಅಂಥ ತೊಗಲೇ ಬೇಕಿತ್ತು. 1872ರಲ್ಲಿ ರೈಲು ಕ್ಯಾನ್ಸಾಸ್‌ನ ಡಾಡ್ಜ್ ಸಿಟಿಗೆ ಬಂತು. ಚರ್ಮ ಸಾಗಿಸಲು ದಾರಿಯಾಯಿತು. ಅಲ್ಲಿಂದ ಮುಂದೆ ಆದದ್ದು ಶುದ್ಧ ವ್ಯಾಪಾರ.

ಬೇಟೆಗಾರ ಗಾಳಿಗೆ ಎದುರಾಗಿ ತೆವಳಿಕೊಂಡು ಹೋಗಿ, ಹಿಂಡಿನಿಂದ ಇನ್ನೂರು ಮುನ್ನೂರು ಗಜ ದೂರದಲ್ಲಿ ಕೂರುತ್ತಿದ್ದ. ಎರಡು ಕೋಲುಗಳನ್ನು ಅಡ್ಡಡ್ಡ ಕಟ್ಟಿ ನೆಟ್ಟು, ಅದರ ಮೇಲೆ ಭಾರದ ಶಾರ್ಪ್ಸ್ ರೈಫಲ್ ಇಡುತ್ತಿದ್ದ. ಹಿಂಡನ್ನು ನಡೆಸುವ ಹೆಣ್ಣು ಯಾವುದು ಅಂತ ನೋಡಿ ಶ್ವಾಸಕೋಶಕ್ಕೆ ಗುರಿಯಿಡುತ್ತಿದ್ದ. ಅಲ್ಲಿ ಏಟು ಬಿದ್ದ ಪ್ರಾಣಿ ದೂರ ಓಡುವುದಿಲ್ಲ. ಒಂದೆರಡು ಹೆಜ್ಜೆ ಹಾಕಿ ನಿಲ್ಲುತ್ತದೆ, ಮೂಗಿನಲ್ಲಿ ರಕ್ತ ಬರುತ್ತದೆ, ಆಮೇಲೆ ಕುಸಿಯುತ್ತದೆ. ಉಳಿದವು ಹತ್ತಿರ ಬಂದು ಮೂಸುತ್ತವೆ. ಅಪಾಯ ಯಾವ ಕಡೆಯಿಂದ ಅಂತ ಅವಕ್ಕೆ ಗೊತ್ತಾಗುವುದಿಲ್ಲ. ಹಾದಿ ತೋರಿಸುವ ಹೆಣ್ಣು ಬೇರೆ ಸತ್ತಿದೆ. ಮುಂದೆ ಯಾವುದು ಹೊರಡಲು ನೋಡುತ್ತದೋ ಅದಕ್ಕೇ ಮುಂದಿನ ಗುಂಡು. ಹೀಗೆ ಹಿಂಡನ್ನು ನಿಂತ ಜಾಗದಲ್ಲೇ ಕಟ್ಟಿಹಾಕುವುದಕ್ಕೆ ಬೇಟೆಗಾರರು 'ಸ್ಟ್ಯಾಂಡ್' ಅನ್ನುತ್ತಿದ್ದರು. ಅವಸರ ಮಾಡುವ ಹಾಗಿರಲಿಲ್ಲ. ಬೇಗ ಬೇಗ ಹೊಡೆದರೆ ನಳಿಗೆ ಕಾದು ಗುರಿ ತಪ್ಪುತ್ತಿತ್ತು. ಹಾಗಾಗಿ ಒಂದು ಗುಂಡಿಗೂ ಇನ್ನೊಂದಕ್ಕೂ ನಡುವೆ ಬಿಡುವು ಕೊಡಬೇಕಿತ್ತು.

ಆಮೇಲೆ ಚರ್ಮ ಸುಲಿಯುವವರು ಬರುತ್ತಿದ್ದರು. ಸುಲಿದ ಚರ್ಮವನ್ನು ಗೂಟ ಹೊಡೆದು ನೆಲದ ಮೇಲೆ ಬಿಗಿಯಾಗಿ ಎಳೆದು ಒಣಗಿಸುತ್ತಿದ್ದರು. ಕೆಲವರು ನಾಲಿಗೆಯನ್ನೂ ಕೊಯ್ದುಕೊಳ್ಳುತ್ತಿದ್ದರು, ಅದಕ್ಕೂ ಬೆಲೆ ಇತ್ತು. ಉಳಿದ ಮಾಂಸವೆಲ್ಲ ಬಯಲಲ್ಲೇ ಕೊಳೆಯುತ್ತಿತ್ತು. ಆ ಬಯಲಿನ ಮೂಲನಿವಾಸಿಗಳಾದ ಲಕೋಟಾ, ಕೊಮಾಂಚಿ, ಶೈಯೆನ್ ಜನರಿಗೆ ಊಟ, ಬಟ್ಟೆ, ಗುಡಾರ ಎಲ್ಲವೂ ಈ ಪ್ರಾಣಿಯಿಂದಲೇ ಆಗಬೇಕಿತ್ತು. 1874ರಲ್ಲಿ ಬಫಲೋ ಉಳಿಸುವ ಒಂದು ಮಸೂದೆ ಅಮೆರಿಕದ ಸಂಸತ್ತಿನಲ್ಲಿ ಪಾಸಾಯಿತು. ಅಧ್ಯಕ್ಷ ಗ್ರಾಂಟ್ ಸಹಿ ಹಾಕಲಿಲ್ಲ. ದಕ್ಷಿಣದ ಹಿಂಡು 1870ರ ದಶಕ ಮುಗಿಯುವಷ್ಟರಲ್ಲಿ ಹೋಯಿತು, ಉತ್ತರದ್ದು 1883ರ ಹೊತ್ತಿಗೆ. ಒಂದು ಕಾಲಕ್ಕೆ ಮೂರು ಕೋಟಿಗೂ ಜಾಸ್ತಿ ಇದ್ದವು ಅಂತ ಅಂದಾಜು. 1889ರಲ್ಲಿ ಪ್ರಾಣಿಶಾಸ್ತ್ರಜ್ಞ ವಿಲಿಯಂ ಹಾರ್ನಡೇ ಲೆಕ್ಕ ಹಾಕಿದಾಗ ಸಿಕ್ಕಿದ್ದು 1,091.

ಈಗ ಸಿನಿಮಾಕ್ಕೆ ಬರೋಣ. ಹಾಲಿವುಡ್ ಈ ಕತೆಯನ್ನು ಮೂಕಿ ಕಾಲದಿಂದಲೂ ಹೇಳುತ್ತಿದೆ. 1925ರ 'ದಿ ಥಂಡರಿಂಗ್ ಹರ್ಡ್' ಚಿತ್ರವನ್ನು 1933ರಲ್ಲಿ ಮತ್ತೆ ತೆಗೆದರು. ಹಿಂಡು ಓಡುವ ಶಾಟ್‌ಗಳಿಗೆ ಹಳೆಯ ಚಿತ್ರದ ರೀಲನ್ನೇ ಬಳಸಿಕೊಂಡರು. ಓಟ ಇರುವುದೇ ಹಾಗೆ, ಯಾವ ಕತೆಗೆ ಅಂಟಿಸಿದರೂ ಅಂಟುತ್ತದೆ. ನಿಂತ ಹಿಂಡನ್ನು ಹಾಗೆ ಅಂಟಿಸಲು ಆಗುವುದಿಲ್ಲ. ಅಲ್ಲಿ ನೋಡುವವರಿಗೆ ಪ್ರತಿ ಪ್ರಾಣಿಯೂ ಕಾಣುತ್ತದೆ, ಯಾರು ಹೊಡೆದದ್ದು ಅನ್ನುವುದೂ ಕಾಣುತ್ತದೆ.

ಅದನ್ನು ಕಾಣುವಂತೆ ಮಾಡಿದ್ದು ರಿಚರ್ಡ್ ಬ್ರೂಕ್ಸ್ ನಿರ್ದೇಶನದ 'ದಿ ಲಾಸ್ಟ್ ಹಂಟ್', 1956ರ ಚಿತ್ರ. ಇಬ್ಬರು ಬೇಟೆಗಾರರು. ರಾಬರ್ಟ್ ಟೇಲರ್ ಮಾಡಿದ ಪಾತ್ರಕ್ಕೆ ಕೊಲ್ಲುವುದೇ ಸುಖ. ಸ್ಟೀವರ್ಟ್ ಗ್ರೇಂಜರ್ ಪಾತ್ರಕ್ಕೆ ಅದು ಸಾಕಾಗಿ ಹೋಗಿದೆ. ಚಿತ್ರೀಕರಣ ನಡೆದದ್ದು ಸೌತ್ ಡಕೋಟಾದ ಕಸ್ಟರ್ ಸ್ಟೇಟ್ ಪಾರ್ಕ್‌ನಲ್ಲಿ. ಹುಲ್ಲು ಸಾಲದೆ ಹೋಗಬಾರದು ಅಂತ ಅಲ್ಲಿ ಹಿಂಡಿನ ಸಂಖ್ಯೆ ಇಳಿಸುತ್ತಿದ್ದರು. ಆ ಕೆಲಸ ಮಾಡುತ್ತಿದ್ದ ಸರ್ಕಾರಿ ಗುರಿಕಾರರ ಜೊತೆ ಕ್ಯಾಮೆರಾ ಇಟ್ಟರು. ತೆರೆ ಮೇಲೆ ಬೀಳುವ ಬಫಲೋಗಳು ನಿಜವಾಗಿಯೇ ಸತ್ತವು.

ಈ ಭಾಗವನ್ನು ನಾನು ಎಡಿಟಿಂಗ್ ಕಲಿಯಲು ಬರುವ ಹುಡುಗರಿಗೆ ಸದ್ದು ತೆಗೆದು ತೋರಿಸುತ್ತೇನೆ. ಗುಂಡು ಹಾರಿಸುವ ನಟ ಒಂದು ಶಾಟ್‌ನಲ್ಲಿ, ಬೀಳುವ ಪ್ರಾಣಿ ಇನ್ನೊಂದರಲ್ಲಿ. ಎರಡನ್ನೂ ಜೋಡಿಸಿದ್ದು ಒಂದು ಕಟ್, ಅಷ್ಟೇ. ಕೊಂದವನು ನಟ ಅಲ್ಲ ಅಂತ ಗೊತ್ತಿದ್ದೂ ನಮ್ಮ ಕಣ್ಣು ಅದನ್ನು ಒಪ್ಪುವುದಿಲ್ಲ. ಪ್ರಾಣಿಯ ಕಾಲು ಮಡಚುತ್ತದೆ, ಇಡೀ ಮೈ ಒಂದೇ ಸಲ ನೆಲಕ್ಕೆ ಬರುತ್ತದೆ. ತರಬೇತಿ ಕೊಟ್ಟ ಕುದುರೆ ಹಾಗೆ ಬೀಳುವುದಿಲ್ಲ. ಅದು ಬೀಳುವ ಮೊದಲೇ ಮೈಯನ್ನು ಸಿದ್ಧ ಮಾಡಿಕೊಳ್ಳುತ್ತದೆ, ಗಮನಿಸಿ ನೋಡಿದರೆ ತಿಳಿಯುತ್ತದೆ. ಇಲ್ಲಿ ಸಿದ್ಧತೆ ಅನ್ನುವುದೇ ಇಲ್ಲ.

ಇದು ಸರಿಯಾ ಅಂತ ಹುಡುಗರು ಕೇಳುತ್ತಾರೆ. ಆ ಪ್ರಾಣಿಗಳು ಸಿನಿಮಾ ಇಲ್ಲದಿದ್ದರೂ ಸಾಯುತ್ತಿದ್ದವು ಅನ್ನುವುದು ನಿಜ. ಆದರೂ ಇಂದು ಇಂಥ ಶಾಟ್ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ನಮ್ಮಲ್ಲಿ ಪ್ರಾಣಿಯನ್ನು ಬಳಸಿ ದೃಶ್ಯ ತೆಗೆದರೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಇಲ್ಲದೆ ಸೆನ್ಸಾರ್ ಮುಂದೆ ಹೋಗಲು ಆಗುವುದಿಲ್ಲ. ಅದು ತಲೆನೋವು ಅಂತ ಗೊಣಗುವವರು ಜಾಸ್ತಿ. ನನಗೆ ಅದು ಬೇಕೇ ಬೇಕಾದ ನಿಯಮ. ಅಷ್ಟಿದ್ದೂ ಒಂದು ಮಾತು ಹೇಳಲೇಬೇಕು. ಚರ್ಮದ ವ್ಯಾಪಾರ ಏನು ಮಾಡಿತು ಅಂತ ಈ ಚಿತ್ರದಷ್ಟು ನೇರವಾಗಿ ಬೇರೆ ಯಾವ ವೆಸ್ಟರ್ನ್ ಚಿತ್ರವೂ ನನಗೆ ತಿಳಿಸಿಲ್ಲ. ಕಸ್ಟರ್ ಪಾರ್ಕ್‌ನ ಹಿಂಡು ಶುರುವಾದದ್ದೇ 1914ರಲ್ಲಿ ಸ್ಕಾಟಿ ಫಿಲಿಪ್ ಕುಟುಂಬದಿಂದ ಕೊಂಡ 36 ಪ್ರಾಣಿಗಳಿಂದ. ಅಳಿದುಳಿದ ಕೆಲವನ್ನು ಸಾಕಿ ಬೆಳೆಸಿದವರು ಇದ್ದದ್ದಕ್ಕೇ ಆ ಚಿತ್ರಕ್ಕೆ ಹಿಂಡು ಸಿಕ್ಕಿತು.

1977ರ 'ದಿ ವೈಟ್ ಬಫಲೋ'ದಲ್ಲಿ ಚಾರ್ಲ್ಸ್ ಬ್ರಾನ್ಸನ್ ಎದುರು ಯಂತ್ರದ ಬಫಲೋ ಇದೆ. ಅದರ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ.

'ಡ್ಯಾನ್ಸಸ್ ವಿತ್ ವುಲ್ವ್ಸ್' ಎಲ್ಲರೂ ನೋಡಿರುತ್ತೀರಿ. 1990ರ ಚಿತ್ರ, ಕೆವಿನ್ ಕಾಸ್ಟ್ನರ್ ನಟನೆ, ನಿರ್ದೇಶನ. ಇದರಲ್ಲಿರುವುದು ಓಟವೇ. ಆದರೆ ಇಲ್ಲಿ ಓಟಕ್ಕೆ ಕಾರಣ ಇದೆ. ಲಕೋಟಾ ಜನ ಬೇಟೆಯಾಡುತ್ತಿದ್ದದ್ದೇ ಕುದುರೆ ಮೇಲೆ, ಪ್ರಾಣಿಯ ಪಕ್ಕಕ್ಕೇ ಹೋಗಿ. ಸೌತ್ ಡಕೋಟಾದ ಒಂದು ಖಾಸಗಿ ರ‍್ಯಾಂಚಿನ ಸುಮಾರು 3,500 ಬಫಲೋಗಳ ಹಿಂಡನ್ನು ಓಡಿಸಿ ತೆಗೆದರು. ಬಾಣ ತಗುಲಿ ಬೀಳುವ ಪ್ರಾಣಿಗಳಿಗೆ ಯಂತ್ರದ ಗೊಂಬೆ. ಒಬ್ಬ ಹುಡುಗನ ಮೇಲೆ ಬಫಲೋ ನುಗ್ಗುವ ಶಾಟ್ ನೆನಪಿದೆಯಲ್ವಾ? ಅದು ಗಾಯಕ ನೀಲ್ ಯಂಗ್ ಅವರಿಂದ ತಂದ ಸಾಕಿದ ಬಫಲೋ. ಓರಿಯೋ ಬಿಸ್ಕತ್ತಿನ ಆಸೆಗೆ ಓಡಿ ಬರುತ್ತಿದೆ. ಆ ಓಟವನ್ನು ದಾಳಿಯನ್ನಾಗಿ ಮಾಡಿದ್ದು ಸಂಕಲನ ಮತ್ತು ಶಬ್ದ. ಎರಡಕ್ಕೂ ಆಸ್ಕರ್ ಬಂತು. ಸಂಕಲನಕಾರ ನೀಲ್ ಟ್ರ್ಯಾವಿಸ್.

ಆದರೆ ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಬೇಟೆಗಿಂತ ಮೊದಲಿನ ದೃಶ್ಯ. ಹಿಂಡಿನ ಜಾಡು ಹಿಡಿದು ಹೊರಟ ಲಕೋಟಾ ಜನರಿಗೆ ಚರ್ಮ ಸುಲಿದ ಬಫಲೋಗಳು ಬಯಲ ತುಂಬ ಬಿದ್ದಿರುವುದು ಕಾಣುತ್ತದೆ. ಚರ್ಮ ಮತ್ತು ನಾಲಿಗೆ ಮಾತ್ರ ಒಯ್ದಿದ್ದಾರೆ. ಗುಂಡು ಹಾರುವುದು ಕಾಣಿಸುವುದಿಲ್ಲ, ಹಾರಿಸಿದವರೂ ಅಲ್ಲಿಲ್ಲ. ಈ ದೃಶ್ಯ ಮೊದಲು ಬರುವುದರಿಂದ, ಮುಂದೆ ಬರುವ ಓಟವನ್ನು ನಾವು ಬರೀ ಮೋಜಿಗೆ ನೋಡುವುದಿಲ್ಲ. ದೃಶ್ಯಗಳನ್ನು ಇಡುವ ಕ್ರಮದಿಂದ ಎಷ್ಟು ಕೆಲಸ ಆಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ನನಗೆ ಗೊತ್ತಿಲ್ಲ. ಒಂದು ಕೊರತೆ ಇದೆ. ಕತೆ ನಡೆಯುವುದು ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1860ರ ದಶಕದಲ್ಲಿ. ತೊಗಲಿಗಾಗಿ ದೊಡ್ಡ ಮಟ್ಟದ ಬೇಟೆ ಶುರುವಾದದ್ದು 1871ರ ನಂತರ.

ಗೇಬ್ ಪೋಲ್ಸ್ಕಿ ನಿರ್ದೇಶನದ 'ಬುಚರ್ಸ್ ಕ್ರಾಸಿಂಗ್' ಆ ಕಾಲವನ್ನು ಸರಿಯಾಗಿ ಹಿಡಿಯುತ್ತದೆ. 2022ರ ಚಿತ್ರ, ಕತೆ 1874ರದ್ದು. ಓದು ಬಿಟ್ಟು ಬಂದ ಒಬ್ಬ ಹುಡುಗ ದುಡ್ಡು ಹಾಕುತ್ತಾನೆ. ನಿಕೋಲಸ್ ಕೇಜ್ ಮಾಡಿದ ಬೇಟೆಗಾರ ಅವನನ್ನು ಕೊಲರಾಡೊದ ಕಣಿವೆಗೆ ಕರೆದೊಯ್ಯುತ್ತಾನೆ. ಮೊಂಟಾನಾದಲ್ಲಿ, ಬ್ಲ್ಯಾಕ್‌ಫೀಟ್ ಅನ್ನುವ ಮೂಲನಿವಾಸಿಗಳ ನೆಲದಲ್ಲಿ, ಅವರೇ ಸಾಕಿದ ಹಿಂಡಿನ ಜೊತೆ ಚಿತ್ರೀಕರಿಸಿದ್ದಾರೆ. ಕಣಿವೆಯಲ್ಲಿ ಹಿಂಡು ನಿಂತಿರುತ್ತದೆ, ಇವರು ಹೊಡೆಯುತ್ತಲೇ ಇರುತ್ತಾರೆ. ಸಾಕಷ್ಟು ಚರ್ಮ ಸಿಕ್ಕಿದ ಮೇಲೂ ಕೇಜ್ ನಿಲ್ಲಿಸುವುದಿಲ್ಲ. ಹಿಮ ಬಿದ್ದು ದಾರಿ ಮುಚ್ಚುತ್ತದೆ. ವಾಪಸ್ ಬರುವಷ್ಟರಲ್ಲಿ ಚರ್ಮದ ಬೆಲೆ ಬಿದ್ದುಹೋಗಿರುತ್ತದೆ. ಸುಲಿಯುವ ಕೆಲಸವನ್ನೂ ಇದು ತೋರಿಸುತ್ತದೆ. ಕತೆ ಮುಂದೆ ಹೋಗುವುದಿಲ್ಲ ಅಂತ ನಮ್ಮವರು ಮೊದಲು ಕತ್ತರಿಸುವುದು ಇಂಥ ಭಾಗವನ್ನೇ.

ನನ್ನ ತಕರಾರು ಒಂದೇ. ಕೊಲ್ಲುವ ದೃಶ್ಯಗಳಲ್ಲಿ ಕಟ್‌ಗಳು ಜಾಸ್ತಿ ಆಗಿವೆ. ಗುಂಡುಗಳ ನಡುವಿನ ಬಿಡುವನ್ನು ಇದ್ದ ಹಾಗೇ ಬಿಟ್ಟಿದ್ದರೆ, ನಳಿಗೆ ತಣಿಯುವ ತನಕ ನಮ್ಮನ್ನೂ ಕಾಯಿಸಿದ್ದರೆ, ಆ ಕೆಲಸ ಎಂಥದ್ದು ಅಂತ ಇನ್ನೂ ಚೆನ್ನಾಗಿ ಗೊತ್ತಾಗುತ್ತಿತ್ತು.

ನೋಡುವವರು ಮೊದಲು 1990ರ ಚಿತ್ರ ನೋಡಿ, ಆಮೇಲೆ 2022ರದ್ದು, ಕೊನೆಗೆ 1956ರದ್ದು. ಕೊನೆಯದನ್ನು ಚಿಕ್ಕ ಮಕ್ಕಳ ಜೊತೆ ಕೂತು ನೋಡಬೇಡಿ. ಅದರಲ್ಲಿರುವ ಸಾವು ನಿಜದ್ದು, ಮಕ್ಕಳಿಗೆ ಅದು ಬೇಗ ತಿಳಿದುಬಿಡುತ್ತದೆ.