ಲಕ್ವಕ್ಕೆ ಒತ್ತಡದ ಆಮ್ಲಜನಕ: ಚೇಂಬರ್ ಹತ್ತುವ ಮುನ್ನ

ಲಕ್ವ ಹೊಡೆದು ಏಳೆಂಟು ತಿಂಗಳಾದರೂ ಕೈಗೆ ಹಿಡಿತ ಬಾರದ ರೋಗಿಯನ್ನು ಕರೆತರುವ ಮನೆಯವರು ಈಚೆಗೆ ತಪ್ಪದೆ ಕೇಳುತ್ತಾರೆ: ‘ಡಾಕ್ಟ್ರೇ, ಹೈಪರ್‌ಬಾರಿಕ್ ಆಕ್ಸಿಜನ್ ಕೊಡಿಸೋಣವೇ?’ ಮುಚ್ಚಿದ ಚೇಂಬರಿನಲ್ಲಿ ಒತ್ತಡವನ್ನು ವಾತಾವರಣದ ಒಂದೂವರೆಯಿಂದ ಮೂರು ಪಟ್ಟಿಗೆ ಏರಿಸಿ ಶುದ್ಧ ಆಮ್ಲಜನಕ ಉಸಿರಾಡಿಸುವ ಈ ಚಿಕಿತ್ಸೆ ಬೂಟಾಟಿಕೆಯೇನಲ್ಲ. ಆಳ ನೀರಿನಿಂದ ಅವಸರದಲ್ಲಿ ಮೇಲೆದ್ದ ಮುಳುಗುಗಾರರಿಗೆ, ಕಾರ್ಬನ್ ಮಾನಾಕ್ಸೈಡ್ ವಿಷವೇರಿದವರಿಗೆ, ಸಕ್ಕರೆ ಕಾಯಿಲೆಯವರ ಕಾಲಿನಲ್ಲಿ ಮಾಯದೆ ಉಳಿದ ಕೆಲವು ಬಗೆಯ ಹುಣ್ಣುಗಳಿಗೆ ವೈದ್ಯರು ಅದನ್ನು ಒಪ್ಪಿದ್ದಾರೆ. ಲಕ್ವ ಮತ್ತು ತಲೆಪೆಟ್ಟು ಆ ಪಟ್ಟಿಯಲ್ಲಿಲ್ಲ.

ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಆರೋಗ್ಯವಂತರಲ್ಲಿ ಸಾಮಾನ್ಯ ಗಾಳಿಯಲ್ಲೇ ಶೇ 97ರಷ್ಟು ತುಂಬಿರುವುದರಿಂದ, ಚೇಂಬರಿನಲ್ಲಿ ಹೆಚ್ಚುವುದು ರಕ್ತದ ದ್ರವಭಾಗದಲ್ಲಿ ಕರಗುವ ಆಮ್ಲಜನಕ ಮಾತ್ರ. ನೂರು ಮಿಲಿಲೀಟರ್ ರಕ್ತದಲ್ಲಿ 0.3 ಮಿ.ಲೀ.ಯಷ್ಟಿರುವ ಅದು ಮೂರು ಪಟ್ಟು ಒತ್ತಡದಲ್ಲಿ ಸುಮಾರು 6 ಮಿ.ಲೀ.ಗೆ ಏರುತ್ತದೆ. ಮಿದುಳಿನ ಸತ್ತ ಭಾಗದ ಸುತ್ತ ಬದುಕಿದ್ದೂ ಕೆಲಸ ಮಾಡದ ನರಕೋಶಗಳಿದ್ದು, ಅವು ಇದರಿಂದ ಚೇತರಿಸಿಕೊಳ್ಳುತ್ತವೆ ಎಂಬುದು ಪ್ರತಿಪಾದಕರ ವಾದ.

ಅವರು ಮುಂದಿಡುವುದು 2013ರ ಇಸ್ರೇಲಿನ ಅಧ್ಯಯನವನ್ನು. ಲಕ್ವ ಹೊಡೆದು ಆರರಿಂದ 36 ತಿಂಗಳಾಗಿದ್ದ 74 ರೋಗಿಗಳನ್ನು ಸೇರಿಸಿಕೊಂಡ ಅದರಲ್ಲಿ, ತಲಾ 40 ಸಲ ಚೇಂಬರಿನಲ್ಲಿ ಕುಳಿತವರು ಸುಧಾರಿಸಿದರು. ಆದರೆ ಹೋಲಿಕೆಯ ಗುಂಪು ಸುಮ್ಮನೆ ಕಾಯುತ್ತಿತ್ತು, ಅವರಿಗೆ ತೋರಿಕೆಯ ಚಿಕಿತ್ಸೆಯೂ ಇರಲಿಲ್ಲ. ಇದು ಎಷ್ಟು ದೊಡ್ಡ ಕೊರತೆ ಎಂಬುದು 2015ರಲ್ಲಿ ಪ್ರಕಟವಾದ ಅಮೆರಿಕದ ಸೇನಾ ಪ್ರಯೋಗದಿಂದ ತಿಳಿಯುತ್ತದೆ. ತಲೆಪೆಟ್ಟಿನ ನಂತರದ ತೊಂದರೆಗಳಿದ್ದ 72 ಯೋಧರಲ್ಲಿ ಕೆಲವರಿಗೆ ಒಂದೂವರೆ ಪಟ್ಟು ಒತ್ತಡದಲ್ಲಿ ಆಮ್ಲಜನಕ, ಕೆಲವರಿಗೆ 1.2 ಪಟ್ಟು ಒತ್ತಡದಲ್ಲಿ ಬರಿಯ ಗಾಳಿ ಕೊಟ್ಟರು. ಉಳಿದವರು ಎಂದಿನ ಚಿಕಿತ್ಸೆಯಲ್ಲೇ ಇದ್ದರು. ಚೇಂಬರಿಗೆ ಹೋದ ಎರಡೂ ಗುಂಪುಗಳು ಸುಧಾರಿಸಿದವು, ಎರಡರ ನಡುವೆ ವ್ಯತ್ಯಾಸ ಕಾಣಲಿಲ್ಲ. ಆ ಅಲ್ಪ ಒತ್ತಡವೂ ಚಿಕಿತ್ಸೆಯೇ ಎಂದು ಪ್ರತಿಪಾದಕರು ಹೇಳುವುದುಂಟು. ಅಷ್ಟು ಆಮ್ಲಜನಕ ಸಾಕೆಂದಾದರೆ ಮುಖಕ್ಕೆ ಒಂದು ಮಾಸ್ಕ್ ಹಾಕಿದರಾಯಿತು, ಚೇಂಬರೇಕೆ? ವಾರಗಟ್ಟಲೆ ದಿನವೂ ಮನೆಯಿಂದ ಹೊರಟು, ಕಾಳಜಿ ಮಾಡುವವರ ನಡುವೆ ಕುಳಿತುಬಂದದ್ದೇ ಬಹುಪಾಲು ಕೆಲಸ ಮಾಡಿತೆಂದು ನನ್ನ ಅನಿಸಿಕೆ.

ತೀವ್ರ ತಲೆಪೆಟ್ಟಿನ ವಿಷಯ ಬೇರೆ. 1992ರಲ್ಲಿ ಪ್ರಕಟವಾದ, 168 ರೋಗಿಗಳ ಪ್ರಯೋಗದಲ್ಲಿ ಸಾವು ಶೇ 32ರಿಂದ 17ಕ್ಕೆ ಇಳಿಯಿತಾದರೂ ಸ್ವತಂತ್ರವಾಗಿ ಬದುಕುವವರ ಪ್ರಮಾಣ ಹೆಚ್ಚಲಿಲ್ಲ. ಲಕ್ವದ ಮೊದಲ ಗಂಟೆಗಳಲ್ಲಂತೂ ಚೇಂಬರಿನ ಮಾತೇ ಬೇಡ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಇರುವುದೇ ನಾಲ್ಕೂವರೆ ಗಂಟೆ.

ಅಪಾಯಗಳೂ ಇವೆ. ಕಿವಿತಮಟೆಗೆ ಪೆಟ್ಟಾಗಬಹುದು, ಅಪರೂಪಕ್ಕೆ ಫಿಟ್ಸ್ ಬರಬಹುದು. ಎದೆಗೂಡಿನಲ್ಲಿ ಗಾಳಿ ಸೇರಿಕೊಂಡಿದ್ದರೆ ಒಳಗೆ ಕಳಿಸುವಂತೆಯೇ ಇಲ್ಲ. 2025ರ ಜನವರಿಯಲ್ಲಿ ಅಮೆರಿಕದ ಮಿಶಿಗನ್ ರಾಜ್ಯದ ಟ್ರಾಯ್ ನಗರದಲ್ಲಿ ಚೇಂಬರಿಗೆ ಬೆಂಕಿ ಹೊತ್ತಿ ಐದು ವರ್ಷದ ಬಾಲಕ ಸತ್ತ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು, ನೈಲಾನ್ ಸೀರೆಯುಟ್ಟು, ಕೈಯಲ್ಲಿ ಮೊಬೈಲ್ ಹಿಡಿದವರನ್ನು ಯಾವ ಕೇಂದ್ರ ಬಾಗಿಲಲ್ಲೇ ತಡೆಯುವುದಿಲ್ಲವೋ ಅಲ್ಲಿಂದ ಹಿಂತಿರುಗುವುದೇ ಕ್ಷೇಮ.

ಇಷ್ಟಾದರೂ ಕೊಡಿಸಿಯೇ ತೀರುತ್ತೇವೆ ಎನ್ನುವವರಿಗೆ ನಾನು ಹೇಳುವುದು: ಆ ಖರ್ಚಿಗೆಂದು ಫಿಸಿಯೋಥೆರಪಿ ನಿಲ್ಲಿಸಬೇಡಿ; ಕಿವಿ ಮತ್ತು ಎದೆಯ ತಪಾಸಣೆ ಮಾಡಿಸಿಕೊಳ್ಳಿ; ಅಂಗಿಯ ಗುಂಡಿ ಹಾಕಲು ಈಗ ಎಷ್ಟು ಹೊತ್ತು ಬೇಕೆಂದು ಬರೆದಿಟ್ಟು, ಕೊನೆಗೆ ಅದನ್ನು ಆ ಕೇಂದ್ರದವರಲ್ಲದ ಬೇರೆಯವರಿಂದ ಅಳೆಸಿ.